ಗೊಂಬೆಯ ತಲೆಗೆ ಮೊಹೇರ್ ನಾಟಿ

ನಮ್ಮ ಭಾಗ್ಯನಗರದಲ್ಲಿ ಕೂದಲು ಕಂಡರೆ ಯಾರೂ ಮೂಗು ಮುರಿಯುವುದಿಲ್ಲ. ಕೊಪ್ಪಳಕ್ಕೆ ಅಂಟಿಕೊಂಡಿರುವ ಊರು ಇದು. ಒಂದು ಓಣಿಯಲ್ಲಿ ಮಗ್ಗದ ಸದ್ದು, ಇನ್ನೊಂದು ಓಣಿಯಲ್ಲಿ ಕೂದಲ ಗುಡ್ಡೆ. ಬಾಚಣಿಕೆಯಲ್ಲಿ ಉದುರಿದ ಕೂದಲನ್ನು ಊರೂರು ತಿರುಗಿ ತರುತ್ತಾರೆ. ಹೆಂಗಸರು ಪಡಸಾಲೆಯಲ್ಲಿ ಕೂತು ಸಿಕ್ಕು ಬಿಡಿಸುತ್ತಾರೆ, ಉದ್ದ ಗಿಡ್ಡ ಬೇರೆ ಮಾಡುತ್ತಾರೆ. ನಾನೂ 11 ವರ್ಷ ಅದನ್ನೇ ಮಾಡಿದೆ. ಹೀಗಾಗಿ ಹೊಸಪೇಟೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿರುವ ನನ್ನ ಅಕ್ಕನ ಮಗ ಒಂದು ದಿನ ರಟ್ಟಿನ ಡಬ್ಬಿ ಹಿಡಿದು ನಮ್ಮ ಮನೆಗೇ ಬಂದ. ಡಬ್ಬಿಯೊಳಗೆ ಬೋಳು ತಲೆಯ ಒಂದು ಕೂಸು!

ವಿನೈಲ್, ಅಂದರೆ ಮೆತ್ತನೆಯ ಪ್ಲಾಸ್ಟಿಕ್ಕಿನ, ಗೊಂಬೆ ಅದು. ರೀಬಾರ್ನ್ ಗೊಂಬೆ ಅನ್ನುತ್ತಾರೆ. ರೆಪ್ಪೆಯ ಮೇಲೆ ನೀಲಿ ನರ, ಮೂಗಿನ ತುದಿಯಲ್ಲಿ ಹಸುಗೂಸಿಗೆ ಇರುವಂಥ ಬಿಳಿ ಚುಕ್ಕೆ, ಅಂಗೈಯಲ್ಲಿ ಗೆರೆ. ಹಸುಗೂಸುಗಳ ಫೋಟೊ ತೆಗೆಯುವವರು ಮೊದಲು ಇಂಥ ಗೊಂಬೆಯನ್ನು ಬುಟ್ಟಿಯಲ್ಲಿ ಮಲಗಿಸಿ ಬೆಳಕು ಸರಿ ಮಾಡಿಕೊಳ್ಳುತ್ತಾರಂತೆ. "ಚಿಗವ್ವ, ಕೂದಲ ಕೆಲಸ ನಿನಗ ಗೊತ್ತೈತಲ್ಲ, ಇದಕ್ಕೊಂದೀಟು ಕೂದಲ ಹಚ್ಚಿಕೊಡು" ಅಂದ. ಸುಮ್ನೆ ಹೂಂ ಅಂದುಬಿಟ್ಟೆ. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಎರಡೂವರೆ ತಿಂಗಳು ಹಿಡಿಯಿತು.

ನಮ್ಮ ಅತ್ತೆ ಮೂರು ದಿನ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಓಣಿಯ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದ ಕೈ ಅವರದು. "ಯವ್ವಾ, ಕೂಸಿನ ನೆತ್ತಿಗೆ ಸೂಜಿ ಚುಚ್ಚಾಕತ್ತೀಯಲ್ಲ, ಕೈಯರ ಹೆಂಗ ಬರತೈತಿ ನಿನಗ?" ಅಂದು ಒಳಗೆ ಹೋಗಿಬಿಟ್ಟರು.

ಮೊದಲ ತಪ್ಪು ಹೇಳಿಬಿಡುತ್ತೇನೆ. ಮನೆ ತುಂಬ ಕೂದಲಿರುವಾಗ ಹೊರಗಿಂದ ಯಾಕೆ ತರಿಸಬೇಕು ಅಂತ ಮನುಷ್ಯರ ಕೂದಲನ್ನೇ ನೆಟ್ಟೆ. ಒಂದು ಅಂಗೈ ಅಗಲ ಆಗುವಷ್ಟರಲ್ಲಿ ಗೊಂಬೆಯ ತಲೆ ಪೊರಕೆ ಹಿಡಿಯ ಹಾಗೆ ನಿಂತಿತ್ತು. ದೊಡ್ಡವರ ಕೂದಲು ಹೆಚ್ಚುಕಡಿಮೆ 50ರಿಂದ 100 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕೂಸಿನ ಕೂದಲು ಅದಕ್ಕಿಂತ ಬಹಳ ತೆಳು. ಮೊಹೇರ್ ಅನ್ನುವ ಮೇಕೆ ಕೂದಲು ಎಳೆಯದಾದರೆ ಸುಮಾರು 25 ಮೈಕ್ರಾನ್ ಇರುತ್ತದೆ, ಅದಕ್ಕೇ ಅದು ಕೂಸಿನ ತಲೆಗೆ ಒಪ್ಪುತ್ತದೆ. ನಮ್ಮ ಕಡೆ ಕಂಬಳಿ ನೇಯುವ ಕುರಿ ಉಣ್ಣೆಯನ್ನೂ ಒಂದು ಹಿಡಿ ತಂದು ನೋಡಿದೆ. ಒರಟು, ಹೊಳಪಿಲ್ಲ, ಗಂಟು ಗಂಟು. ಕಂಬಳಿಗೇ ಸರಿ ಅದು.

ಮೊಹೇರ್ ಅಂಗೋರಾ ಮೇಕೆಯ ಕೂದಲು. ಟರ್ಕಿಯ ಅಂಕಾರಾ ಊರಿನ ಹಳೆಯ ಹೆಸರು ಅಂಗೋರಾ, ಮೇಕೆ ಅಲ್ಲಿಯದು. ಅಂಗೋರಾ ಉಣ್ಣೆ ಅಂತ ಮಾರುವುದು ಮಾತ್ರ ಮೊಲದ ತುಪ್ಪಟ, ಎರಡನ್ನೂ ಬೆರೆಸಿಕೊಳ್ಳಬೇಡಿ. ಈಗ ಲೋಕದ ಮೊಹೇರಿನಲ್ಲಿ ಸುಮಾರು ಅರ್ಧ ದಕ್ಷಿಣ ಆಫ್ರಿಕಾದಿಂದಲೇ ಬರುತ್ತದೆ. ಅಲ್ಲಿಗೆ 1838ರಲ್ಲಿ ಮೊದಲು ಹಡಗಿನಲ್ಲಿ ಬಂದ ಹೋತಗಳ ಬೀಜ ಒಡೆಸಿಯೇ ಕಳಿಸಿದ್ದರಂತೆ, ತಳಿ ಬೆಳೆಯಬಾರದು ಅಂತ. ಜತೆಗಿದ್ದ ಒಂದೇ ಒಂದು ಹೆಣ್ಣು ಮೇಕೆ ಗಬ್ಬವಾಗಿತ್ತು, ದಾರಿಯಲ್ಲಿ ಗಂಡು ಮರಿ ಹಾಕಿತು ಅನ್ನುವ ಕತೆ ಇದೆ. ಈ ಕತೆ ಹೇಳಿದ ಮೇಲೆಯೇ ಅತ್ತೆ ಮೊದಲ ಸಲ ಆ ಕೂದಲನ್ನು ಮುಟ್ಟಿ ನೋಡಿದ್ದು.

ಕೊಳ್ಳುವಾಗ ಎಳೆಮೇಕೆಯದು, ಅಂದರೆ ಕಿಡ್ ಮೊಹೇರ್, ಅಂತ ಕೇಳಿ ತೆಗೆದುಕೊಳ್ಳಿ. ಮೇಕೆಗೆ ವಯಸ್ಸಾದಂತೆ ಕೂದಲು ದಪ್ಪ ಆಗುತ್ತಾ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಮೊದಲ ಕತ್ತರಿ ಆರು ತಿಂಗಳ ಮರಿಗೆ. ಆ ಮೊದಲ ಸಲದ್ದೇ ಉತ್ತಮ. ಒಂದು ತಲೆಗೆ 15ರಿಂದ 25 ಗ್ರಾಂ ಸಾಕು. ಬಣ್ಣದಲ್ಲಿ ಕಡುಗಪ್ಪು ಬೇಡ. ನಮ್ಮ ಕೂಸುಗಳ ಕೂದಲು ಕಪ್ಪೇ ಇರುತ್ತದಲ್ಲ ಅನ್ನುತ್ತೀರಿ. ಬಿಸಿಲಿಗೆ ಹಿಡಿದು ನೋಡಿ, ಕಂದು ಹೊಡೆಯುತ್ತದೆ. ಕಡುಕಂದು ಎರಡು ಪಾಲು, ಅದಕ್ಕಿಂತ ಒಂದು ಛಾಯೆ ತಿಳಿಯಾದದ್ದು ಒಂದು ಪಾಲು ಬೆರೆಸಿದರೆ ಜೀವ ಬರುತ್ತದೆ. ಬಂದ ಕೂಡಲೇ ಒದ್ದೆ ಬಿಳಿ ಬಟ್ಟೆಯಲ್ಲಿ ಒಂದು ಎಳೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ಮೊಹೇರ್ ಗೊಂಬೆಯ ಹತ್ತಿರ ಒಯ್ಯಬೇಡಿ. ವಿನೈಲ್ ಬಣ್ಣ ಕುಡಿಯುತ್ತದೆ, ಒಮ್ಮೆ ಕುಡಿದರೆ ಹೋಗುವುದು ಕಷ್ಟ.

ತೊಳೆಯದ ಮೊಹೇರ್ ಬಂದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಶಾಂಪೂ ಹಾಕಿ ನೆನೆಸಿಡಿ. ತಿಕ್ಕಬೇಡಿ, ಹಿಂಡಬೇಡಿ. ಬಿಸಿಯಿಂದ ಒಮ್ಮೆಲೇ ತಣ್ಣೀರಿಗೆ ಹಾಕಿದರೂ ಎಳೆ ಒಂದಕ್ಕೊಂದು ಬಿಗಿದು ಗಂಟಾಗುತ್ತದೆ. ಟವೆಲ್ ಮೇಲೆ ಹರವಿ ನೆರಳಲ್ಲಿ ಒಣಗಿಸಿ.

ಇನ್ನು ಬುಡ ಮತ್ತು ತುದಿ. ಇದೊಂದು ವಿಷಯ ನಮ್ಮ ಓಣಿಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಎಲ್ಲ ಬುಡ ಒಂದೇ ಕಡೆ ಇರುವ ಕೂದಲಿಗೆ ರೆಮಿ ಅನ್ನುತ್ತಾರೆ, ಅದಕ್ಕೇ ಬೆಲೆ ಜಾಸ್ತಿ. ಕೂದಲ ಮೈಮೇಲೆ ಮೀನಿನ ಹಾಗೆ ಸಣ್ಣ ಹುರುಪೆ ಇರುತ್ತದೆ, ಎಲ್ಲವೂ ತುದಿಯ ಕಡೆ ಮುಖ ಮಾಡಿರುತ್ತವೆ. ಬುಡ ತುದಿ ಕಲೆತರೆ ಒಂದರ ಹುರುಪೆ ಇನ್ನೊಂದಕ್ಕೆ ಸಿಕ್ಕಿ ಗಂಟು ಬೀಳುತ್ತದೆ. ಗೊತ್ತಾಗದಿದ್ದರೆ ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿಂದೆ ಮುಂದೆ ಉಜ್ಜಿ. ಅದು ಮೆಲ್ಲಗೆ ಬುಡದ ಕಡೆಗೆ ತೆವಳುತ್ತದೆ. ಮೊಹೇರಿನ ಹುರುಪೆ ಚಪ್ಪಟೆ, ಹಾಗಾಗಿ ತೆವಳುವುದು ಕಡಿಮೆ. ಹೊಳಪು ಜಾಸ್ತಿ ಇರುವುದೂ ಅದಕ್ಕೇ. ಅದರಲ್ಲಿ ಕಣ್ಣಿಂದ ನೋಡುವುದೇ ಸುಲಭ. ಕತ್ತರಿ ಬಿದ್ದ ಬುಡ ಮೊಂಡು, ತುದಿ ಸಣ್ಣಗಾಗುತ್ತಾ ಹೋಗಿರುತ್ತದೆ. ಗೊಂಬೆಯಲ್ಲಿ ಆ ಸಣ್ಣ ತುದಿಯೇ ಹೊರಗೆ ಉಳಿಯಬೇಕು. ಹುಟ್ಟುಗೂದಲಿಗೆ ಯಾರೂ ಕತ್ತರಿ ಹಾಕಿರುವುದಿಲ್ಲ, ಅಲ್ವಾ? ಜವಳ ತೆಗೆಸುವ ತನಕ ಅದರ ತುದಿ ಹಾಗೇ ಇರುತ್ತದೆ.

ಸಣ್ಣ ಎಳೆಗಳನ್ನು, ಸುಣ್ಣದ ಹಾಗೆ ಬಿಳಿಚಿ ಸೆಟೆದಿರುವ ಒರಟು ಎಳೆಗಳನ್ನು ಆಯ್ದು ಬಿಸಾಕಿ. ಬೆಂಕಿಕಡ್ಡಿ ದಪ್ಪದ ಜುಟ್ಟು ಮಾಡಿ, ಬುಡದ ಕಡೆ ದಾರ ಸುತ್ತಿ ಇಟ್ಟುಕೊಳ್ಳಿ. ನಾನು ಒಂದು ಸಲಕ್ಕೆ 20 ಜುಟ್ಟು ಮಾಡಿಕೊಂಡೇ ಕೂರುತ್ತೇನೆ.

ಸೂಜಿ ಹೊಲಿಗೆಯದಲ್ಲ. ಉಣ್ಣೆಯನ್ನು ಚುಚ್ಚಿ ಚುಚ್ಚಿ ಗಟ್ಟಿ ಮಾಡುವ ಫೆಲ್ಟಿಂಗ್ ಸೂಜಿ. ಅದಕ್ಕೆ ಕಣ್ಣಿಲ್ಲ. ಮೈ ಮೂರು ಮೂಲೆಯದು, ಮೂಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚು. ಸೂಜಿ ಒಳಗೆ ಹೋಗುವಾಗ ಆ ಕಚ್ಚು ಎಳೆಯನ್ನು ಹಿಡಿದುಕೊಂಡು ಹೋಗುತ್ತದೆ, ಹೊರಗೆ ಬರುವಾಗ ಅಲ್ಲೇ ಬಿಟ್ಟು ಬರುತ್ತದೆ. ಇದಕ್ಕೆ ಉಲ್ಟಾ ಕಚ್ಚಿನ ಸೂಜಿಯೂ ಸಿಗುತ್ತದೆ, ಅದು ಕೂದಲನ್ನು ಹೊರಗೆ ಎಳೆಯುತ್ತದೆ. ತರಿಸುವಾಗ ನೋಡಿಕೊಳ್ಳಿ. ಅದು ಬೇಡ.

ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ. ನೂಲಿನ ಕೌಂಟ್ ಗೊತ್ತಿರುವ ನೇಕಾರರ ಮನೆಯವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. 36, 38 ದಪ್ಪ, ಕಲಿಯುವವರಿಗೆ. 40 ನಡುವಿನದು. 42, 43 ತೀರ ಸಣ್ಣ, ಒಂದು ತೂತಿಗೆ ಒಂದೋ ಎರಡೋ ಎಳೆ ನೆಡಲು. ಎಲ್ಲರೂ 43 ತರಿಸುತ್ತಾರೆ, ಎಲ್ಲರೂ ಮೊದಲ ದಿನವೇ ಮೂರು ಮುರಿಯುತ್ತಾರೆ. ನಾನು ಮುರಿದದ್ದು ಐದು. 38ರಲ್ಲಿ ಕೈ ಕೂರಿಸಿಕೊಂಡು, ತಲೆಯ ಹಿಂಭಾಗವನ್ನು 40ರಲ್ಲಿ ಮುಗಿಸಿ, ಹಣೆಯಂಚಿಗೆ ಮಾತ್ರ 42 ಹಿಡಿಯಿರಿ ಅನ್ನುವುದು ನನ್ನ ಮಾತು.

ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಕತ್ತರಿಸಿ ಕವಲು ಮಾಡಿಕೊಂಡು ನೆಡುವವರೂ ಇದ್ದಾರೆ. ಮಾಡಿ ನೋಡಿದೆ. ಆಡುವ ಗೊಂಬೆಯ ಉದ್ದ ಕೂದಲಿಗೆ ಅದು ಆದೀತು, ಕೂಸಿಗೆ ತೂತು ದೊಡ್ಡದಾಗಿ ಕಾಣುತ್ತದೆ.

ಫೆಲ್ಟಿಂಗ್ ಸೂಜಿಯ ಹಿಂದಿನ ತುದಿ ಮಡಚಿರುತ್ತದೆ, ಬರಿಗೈಯಲ್ಲಿ ಹಿಡಿದರೆ ಒಂದು ತಾಸಿನಲ್ಲಿ ಬೆರಳು ಕೆಂಪಾಗುತ್ತದೆ. ಇದಕ್ಕೆಂದೇ ಹಿಡಿಕೆ ಮಾರುತ್ತಾರೆ. ನಾನು ಸೈಕಲ್ ವಾಲ್‌ಟ್ಯೂಬ್ ತುಂಡು ಏರಿಸಿ, ಮೇಲೆ ಬಟ್ಟೆಪಟ್ಟಿ ಸುತ್ತಿದ್ದೇನೆ. ಎಡಗೈಯ ಹೆಬ್ಬೆರಳಿಗೆ ಚರ್ಮದ ಟೋಪಿ ಹಾಕಿಕೊಳ್ಳಿ. ಹಾಕಿಕೊಳ್ಳದಿದ್ದರೆ ಎರಡನೇ ದಿನ ಹೇಗೂ ಹಾಕಿಕೊಳ್ಳುತ್ತೀರಿ.

ನಾಟಿಗೆ ಮೊದಲೇ ತಲೆಯ ಬಣ್ಣದ ಕೆಲಸ ಪೂರ್ತಿ ಮುಗಿದಿರಬೇಕು. ಆ ಬಣ್ಣವನ್ನು ಓವನ್‌ನಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಕೂರಿಸುತ್ತಾರೆ. ಕೂದಲು ನೆಟ್ಟ ಮೇಲೆ ಆ ತಲೆ ಮತ್ತೆ ಓವನ್‌ಗೆ ಹೋಗುವ ಹಾಗಿಲ್ಲ. ನನಗೆ ಬಣ್ಣ ಹಾಕಿದ ತಲೆಯೇ ಬಂದಿತ್ತು, ಆ ಕೆಲಸದ ಬಗ್ಗೆ ಹೆಚ್ಚು ಹೇಳಲಾರೆ.

ತಲೆಯನ್ನು ಮೈಯಿಂದ ಬಿಡಿಸಿ. ಕತ್ತಿನ ತೂತಿನಿಂದ ಹಳೆಯ ಬನಿಯನ್ ಬಟ್ಟೆ ತುರುಕಿ, ಒತ್ತಿದರೆ ತಗ್ಗು ಬೀಳಬಾರದು. ಆಮೇಲೆ ಒಂದು ಕಾಲುಚೀಲದಲ್ಲಿ ಗಂಗಾವತಿ ಅಕ್ಕಿ ತುಂಬಿ ಗಂಟು ಹಾಕಿ, ಸಿಂಬೆ ಹಾಗೆ ಸುತ್ತಿ, ಅದರ ಮೇಲೆ ತಲೆ ಕೂರಿಸಿ. ಯಾವ ಕಡೆ ತಿರುಗಿಸಿದರೂ ನಿಲ್ಲುತ್ತದೆ. ತೊಡೆಯ ಮೇಲೆ ಇಟ್ಟುಕೊಂಡು ನೆಡಬೇಡಿ. ಸೂಜಿ ಜಾರಿದರೆ ಎಲ್ಲಿಗೆ ಹೋಗುತ್ತದೆ ಅಂತ ನನ್ನ ತೊಡೆಗೆ ಗೊತ್ತು.

ನಮ್ಮ ಬಿಸಿಲು ಇಲ್ಲಿ ಉಪಕಾರಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪತ್ರಾಸ್, ಅಂದರೆ ತಗಡಿನ ಮಾಡು, ಅದರ ಕೆಳಗೆ ಕೂತರೆ ವಿನೈಲ್ ತಾನೇ ಮೆತ್ತಗಾಗಿ ಸೂಜಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಜನವರಿಯಲ್ಲಿ ಗವಿಮಠದ ಜಾತ್ರೆ ಹೊತ್ತಿನ ಚಳಿಗೆ ಅದೇ ತಲೆ ಗಟ್ಟಿ. ಆಗ ಹೇರ್ ಡ್ರೈಯರ್ ಅನ್ನು ಒಂದು ಗೇಣು ದೂರ ಹಿಡಿದು ಅರ್ಧ ನಿಮಿಷ ಬೆಚ್ಚಗೆ ಮಾಡಿ, ನೆಡಿ, ಮತ್ತೆ ಬೆಚ್ಚಗೆ ಮಾಡಿ. ನೆಟ್ಟ ಕೂದಲಿನ ಮೇಲೆ ಬಿಸಿಗಾಳಿ ಬಿಡಬೇಡಿ, ಬೋಳು ಭಾಗಕ್ಕೆ ಮಾತ್ರ.

ಈಗ ಸುಳಿ. ಗೊಂಬೆಯ ತಲೆ ಕೂಸಿನ ತಲೆ ಅನಿಸುವುದು, ಅನಿಸದೇ ಇರುವುದು, ಎರಡೂ ಇಲ್ಲೇ ತೀರ್ಮಾನವಾಗುತ್ತದೆ. ನೀರಿಗೆ ಅಳಿಸಿಹೋಗುವ ತಿಳಿ ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಿ. ನೆತ್ತಿಯ ಹಿಂದೆ, ನಟ್ಟನಡುವಿನಿಂದ ಒಂದು ಬೆರಳು ಪಕ್ಕಕ್ಕೆ, ಒಂದು ಚುಕ್ಕೆ ಇಡಿ. ತೀರ ನಡುವೆ ಇಟ್ಟರೆ ತೆಂಗಿನಕಾಯಿ ಕಂಡ ಹಾಗೆ ಕಾಣುತ್ತದೆ. ಆ ಚುಕ್ಕೆಯಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಬಾಗಿದ ಗೆರೆಗಳನ್ನು ಎಳೆಯಿರಿ. ಹೆಚ್ಚಿನವರ ಸುಳಿ ಬಲಸುತ್ತು. ಗೆರೆಗಳು ಮೊದಲು ಸುತ್ತುತ್ತವೆ, ಆಮೇಲೆ ನೆಟ್ಟಗಾಗಿ ಹಣೆಗೆ, ಕಿವಿಗೆ, ಕತ್ತಿಗೆ ಇಳಿಯುತ್ತವೆ. ಕೂದಲು ಯಾವ ಕಡೆ ಮಲಗಬೇಕು ಅನ್ನುವುದಕ್ಕೆ ಈ ಗೆರೆಗಳೇ ನಕ್ಷೆ.

ನಾನು ಗೆರೆ ಎಳೆಯುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಒಂದ ಸುಳಿನೋ ಎರಡೋ?" ಅಂದರು. ಒಂದೇ ಅಂದೆ. "ಚೊಲೊ ಆತು. ಎರಡ ಇದ್ರ ಎರಡ ಲಗ್ನ." ಹಾಗಂದು ಒಳಗೆ ಬಂದು ಕೂತರು. ಅಲ್ಲಿಂದ ನನ್ನ ಕೆಲಸಕ್ಕೆ ಒಬ್ಬ ಮೇಸ್ತ್ರಿ ಸಿಕ್ಕರು ಅನ್ನಿ.

ಶುರು ಮಾಡುವುದು ಕತ್ತಿನ ಹಿಂದೆ, ಕೆಳಗಿನ ಅಂಚಿನಿಂದ. ಕೆಳಗಿನಿಂದ ಮೇಲಕ್ಕೆ ಬಂದರೆ ನೆಟ್ಟ ಕೂದಲು ಕೆಳಗೆ ಬಿದ್ದಿರುತ್ತದೆ, ನೆಡಬೇಕಾದ ಜಾಗ ತೆರೆದಿರುತ್ತದೆ. ಇನ್ನೊಂದು ಕಾರಣವೂ ಇದೆ. ಕೈ ಇನ್ನೂ ಕಚ್ಚಾ ಇರುವಾಗ ಆದ ತಪ್ಪು ಅಂಗಿ ಕಾಲರಿನ ಹಿಂದೆ ಮುಚ್ಚಿಹೋಗುತ್ತದೆ.

ಜುಟ್ಟಿನಿಂದ ಎಂಟು ಹತ್ತು ಎಳೆ ಬೇರೆ ಮಾಡಿ, ಬುಡ ನಿಮ್ಮ ಸೂಜಿಯ ಕಡೆ ಬರುವ ಹಾಗೆ ತಲೆಯ ಮೇಲೆ ಅಡ್ಡ ಮಲಗಿಸಿ. ಎಡ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಬುಡದಿಂದ ಅರ್ಧ ಸೆಂಟಿಮೀಟರ್ ಬಿಟ್ಟು ಸೂಜಿಯ ತುದಿಯನ್ನು ಎಳೆಯ ಮೇಲಿಡಿ. ಚರ್ಮಕ್ಕೆ ಹೆಚ್ಚುಕಡಿಮೆ ಒರಗಿದ ಹಾಗೆ, 20 ಡಿಗ್ರಿ ಓರೆಯಲ್ಲಿ, ಗೆರೆಯ ದಿಕ್ಕು ನೋಡಿಕೊಂಡು ಒಳಗೆ ದೂಡಿ. ಕಚ್ಚು ಒಳಗೆ ದಾಟಿದರೆ ಒಂದು ಸಣ್ಣ "ಟಿಕ್" ಬೆರಳಿಗೆ ತಿಳಿಯುತ್ತದೆ. ಹೋದ ದಾರಿಯಲ್ಲೇ ಸೂಜಿಯನ್ನು ವಾಪಸ್ ತೆಗೆಯಿರಿ. ಒಳಗಿರುವಾಗ ಸ್ವಲ್ಪ ಓರೆ ಮಾಡಿದರೂ ಮುರಿಯಿತು. ಮುರಿದ ತುದಿ ತಲೆಯೊಳಗೆ ಉಳಿಯಬಾರದು, ಯಾರ ಕೈಗಾದರೂ ಚುಚ್ಚೀತು. ಒಳಗಿನ ಬಟ್ಟೆ ತೆಗೆದು ಅಯಸ್ಕಾಂತ ಆಡಿಸಿ ಹುಡುಕಿ.

ಬುಡದ ಹತ್ತಿರ ಚುಚ್ಚಿದರೆ ಒಂದೇ ಎಳೆ ಏಳುತ್ತದೆ. ನಡುವೆ ಚುಚ್ಚಿದರೆ ಎಳೆ ಮಡಚಿಕೊಂಡು ಒಂದು ತೂತಿನಿಂದ ಎರಡು ತುದಿ ಏಳುತ್ತವೆ. ನಡುವೆ ಚುಚ್ಚುವುದು ಬೇಗ ಆಗುತ್ತದೆ, ಗಟ್ಟಿಯೂ ಇರುತ್ತದೆ. ಆದರೆ ಒಂದು ತುದಿ ಮೊಂಡು. ಕತ್ತಿನ ಹಿಂದೆ ಹಾಗೆ ಮಾಡಿದರೆ ನಡೆದೀತು, ಹಣೆಯ ಹತ್ತಿರ ಮಾಡಬೇಡಿ.

ಎಲ್ಲಕ್ಕಿಂತ ಕೋನ ಮುಖ್ಯ. ಸೂಜಿ ನೆಟ್ಟಗೆ ಹೋದರೆ ಕೂದಲು ನೆಟ್ಟಗೆ ಏಳುತ್ತದೆ, ಆಮೇಲೆ ಯಾವ ಎಣ್ಣೆ ನೀರಿಗೂ ಅದು ಮಲಗುವುದಿಲ್ಲ. ಸುಳಿಯ ನಡುವಿನ ನಾಲ್ಕಾರು ಎಳೆ ಮಾತ್ರ ನೆಟ್ಟಗೆ ಇರಲಿ.

ಸಾಲು ಬೇಡ. ಗಂಗಾವತಿ ಕಡೆ ಭತ್ತದ ನಾಟಿ ಮಾಡುವವರ ಹಾಗೆ ಸಾಲು ಹಿಡಿದರೆ ಬೆಳಕು ಬಿದ್ದಾಗ ತಲೆಯ ಮೇಲೆ ಗದ್ದೆ ಕಾಣುತ್ತದೆ. ಕೈಯಿಂದ ಎರಚಿದ ಕಾಳು ಬಿದ್ದ ಹಾಗೆ ಅಲ್ಲೊಂದು ಇಲ್ಲೊಂದು ಇರಬೇಕು. ನನ್ನ ಕೈಗೆ ಇದೇ ಕಷ್ಟ ಆಯಿತು. 11 ವರ್ಷ ಕೂದಲನ್ನು ನೇರ ಮಾಡಿದ ಬೆರಳು, ಗೊತ್ತಿಲ್ಲದೆ ಸಾಲು ಹಿಡಿಯುತ್ತಿತ್ತು. ಕೊನೆಗೆ ರೇಡಿಯೊ ಹಾಕಿಕೊಂಡು, ಗಮನ ಅತ್ತ ಇಟ್ಟು ನೆಟ್ಟೆ. ಆಗ ಸರಿಹೋಯಿತು.

ಹಿಂದಲೆ ಅರ್ಧ ಮುಗಿದಾಗ ಅತ್ತೆ ತಡೆದರು. "ಇಷ್ಟ ದಟ್ಟ ಯಾಕ? ಮೂರ ತಿಂಗಳ ಕೂಸು ಮಲಗಿ ಮಲಗಿ ಹಿಂದಲಿ ಸವದಿರತೈತಿ. ನೋಡಿಲ್ಲೇನ ನೀನು, ಎರಡ ಹಡದಾಕಿ?" ನೋಡಿದ್ದೆ. ನೆನಪಾಗಿರಲಿಲ್ಲ. ತೊಟ್ಟಿಲಿಗೆ ಒರಗುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯ ಮೂರು ಇಟ್ಟಷ್ಟು ಅಗಲ ತೆಳು ಮಾಡಿದೆ, ನೆಟ್ಟದ್ದನ್ನು ಚಿಮಟದಿಂದ ಕಿತ್ತೆ. ಕಿತ್ತ ತೂತುಗಳನ್ನು ಬೆಚ್ಚಗೆ ಮಾಡಿ ಉಗುರಿನಿಂದ ಉಜ್ಜಿದರೆ ಸುಮಾರಾಗಿ ಮುಚ್ಚಿಕೊಳ್ಳುತ್ತವೆ. ಆ ಸವೆದ ಜಾಗ ನೋಡಿಯೇ ಈಗ ಜನ ಬೆಚ್ಚುವುದು. ಕಿವಿಯ ಮುಂದೆ ಎರಡೇ ಎಳೆ, ಕಿವಿಯ ಹಿಂದೆ ಒಂದು ಬೆರಳು ಬೋಳು, ಹಣೆಯ ಎರಡು ಪಕ್ಕ ಒಳಗೆ ಸರಿದ ಅಂಚು, ಇವೆಲ್ಲ ಅವರೇ ಹೇಳಿಸಿ ಮಾಡಿಸಿದ್ದು. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿಲ್ಲದಿದ್ದರೆ ಓಣಿಯ ಕೂಸನ್ನು ಎತ್ತಿಕೊಂಡು ಅರ್ಧ ತಾಸು ಅದರ ತಲೆ ನೋಡಿ. ಫೋಟೊ ನೋಡಿ ಮಾಡಿದ್ದು ಮುಂದಿನಿಂದ ಮಾತ್ರ ಸರಿ ಇರುತ್ತದೆ.

ಹಣೆಯಂಚನ್ನು ಕೊನೆಗೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಕೈ ಪಳಗಿರುತ್ತದೆ. 42ರ ಸೂಜಿ, ಒಂದು ತೂತಿಗೆ ಒಂದೇ ಎಳೆ. ಅಂಚು ಗೆರೆ ಹೊಡೆದ ಹಾಗೆ ಇರಬಾರದು. ಮೊದಲ ಎಳೆಗಳು ತೀರ ವಿರಳ, ಒಳಗೆ ಹೋದಂತೆ ಸ್ವಲ್ಪ ದಟ್ಟ. ಬೆಳಗಿನ ಬೆಳಕಿನಲ್ಲಿ ಕಿಟಕಿ ಪಕ್ಕ ಕೂತು ಮಾಡಿ. ಕರೆಂಟು ಹೋದಾಗ ಮೊಬೈಲ್ ಬೆಳಕಿನಲ್ಲಿ ನಾನು ನೆಟ್ಟ ನಾಲ್ಕು ಬೆರಳು ಜಾಗವನ್ನು ಮರುದಿನ ಪೂರ್ತಿ ಕೀಳಬೇಕಾಯಿತು. ಮುಕ್ಕಾಲು ತಾಸಿಗೊಮ್ಮೆ ಎದ್ದು ಕತ್ತು ತಿರುಗಿಸಿ. ಇಡೀ ತಲೆಗೆ ನನಗೆ ಹಿಡಿದದ್ದು 90 ತಾಸಿನ ಮೇಲೆ.

ಈ ಮುಂಚೆ ಒಂದು ಮಾತು ಹೇಳಬೇಕಿತ್ತು: ಮೊದಲ ನಾಟಿ ಒಳ್ಳೆಯ ತಲೆಯ ಮೇಲೆ ಬೇಡ. ಜಾತ್ರೆಯಲ್ಲಿ ಸಿಗುವ ಮೆತ್ತನೆಯ ಪ್ಲಾಸ್ಟಿಕ್ ಗೊಂಬೆಯ ತಲೆ ಸಾಕು. ಅದರ ಮೇಲೆ ಒಂದು ಅಂಗೈಯಷ್ಟು ಜಾಗ ನೆಟ್ಟು, ಒದ್ದೆ ಮಾಡಿ ಬಾಚಿ. ಎಲ್ಲ ಒಂದೇ ಕಡೆ ಮಲಗಿದರೆ ನೀವು ತಯಾರು. ಕಿನ್ನಾಳದ ಗೊಂಬೆ ಮಾತ್ರ ಈ ಕೆಲಸಕ್ಕೆ ಬರುವುದಿಲ್ಲ. ಪಕ್ಕದ ಮನೆ ಹುಡುಗಿ ಕೇಳಿದ್ದಕ್ಕೆ ಹೇಳುತ್ತಿದ್ದೇನೆ. ಅದು ಮರದ್ದು, ಚಿತ್ರಗಾರರು ಅದಕ್ಕೆ ಕೂದಲನ್ನೂ ಬಣ್ಣದಲ್ಲೇ ಬರೆಯುತ್ತಾರೆ.

ನೆಟ್ಟಾದ ಮೇಲೆ ಒಳಗಿನ ಬಟ್ಟೆ ತೆಗೆಯಿರಿ. ಟಾರ್ಚ್ ಹಾಕಿ ನೋಡಿದರೆ ಒಳಗೋಡೆಯ ತುಂಬ ಬುಡಗಳು ಕಾಣುತ್ತವೆ. ಅವುಗಳ ಮೇಲೆ ಪಾರದರ್ಶಕವಾದ, ಒಣಗಿದ ಮೇಲೂ ರಬ್ಬರ್ ಹಾಗೆ ಬಾಗುವ ಬಟ್ಟೆಗೋಂದನ್ನು ಉದ್ದ ಕಡ್ಡಿಯ ಬ್ರಷ್‌ನಿಂದ ತೆಳ್ಳಗೆ ಸವರಿ. ಮೊದಲು ಆ ಅಭ್ಯಾಸದ ತಲೆಯೊಳಗೆ ಒಂದು ಹನಿ ಹಚ್ಚಿ ಒಂದು ದಿನ ಬಿಟ್ಟು ನೋಡಿ, ಕೆಲವು ಗೋಂದು ವಿನೈಲನ್ನು ಕರಗಿಸುತ್ತವೆ. ಕ್ಷಣದಲ್ಲಿ ಅಂಟುವ ಗೋಂದು ಬೇಡವೇ ಬೇಡ. ಅದು ಕಲ್ಲಾಗುತ್ತದೆ, ಬಿಳಿ ಬೂದಿ ಏಳುತ್ತದೆ, ಸೀಳುತ್ತದೆ. ಗೋಂದು ಜಾಸ್ತಿಯಾದರೆ ತೂತಿನಿಂದ ಹೊರಗೆ ಜಿನುಗಿ ಕೂದಲ ಬುಡ ಅಂಟಂಟಾಗುತ್ತದೆ. ತಲೆಯನ್ನು ಕತ್ತಿನ ತೂತು ಮೇಲೆ ಮಾಡಿ ಇಟ್ಟು 24 ತಾಸು ಒಣಗಲು ಬಿಡಿ. ಒಣಗುವ ತನಕ ಬಾಚಬೇಡಿ. ನಾನು ತಡೆಯಲಾರದೆ ಬಾಚಿದೆ, 30 ಎಳೆ ಕೈಗೆ ಬಂತು.

ಒಣಗಿದ ಮೇಲೆ ಕೂಸಿನ ಮೆತ್ತನೆಯ ಬ್ರಷ್‌ನಲ್ಲಿ ಗೆರೆಯ ದಿಕ್ಕಿಗೆ ಬಾಚಿ. ಪೆನ್ಸಿಲ್ ಗೆರೆ ಉಳಿದಿದ್ದರೆ ಒದ್ದೆ ಹತ್ತಿಯಲ್ಲಿ ಒರೆಸಿ. ಕತ್ತರಿ ಹಾಕಲೇಬೇಕಾದರೆ ಹಲ್ಲಿರುವ ಕತ್ತರಿಯನ್ನು ಉದ್ದುದ್ದ ಹಿಡಿದು ಒಂದೊಂದೇ ಎಳೆ ಕಡಿಮೆ ಮಾಡಿ. ಅಡ್ಡ ಕತ್ತರಿಸಿದರೆ ಬಟ್ಟಲು ಇಟ್ಟು ಕತ್ತರಿಸಿದ ಕ್ರಾಪ್ ಆಗುತ್ತದೆ. ಒಂದು ಲೋಟ ನೀರಿಗೆ ಎರಡು ಹನಿ ಕಂಡಿಷನರ್ ಕಲಸಿ ಚಿಮುಕಿಸಿ, ಬಾಚಿ ಮಲಗಿಸಿ, ತೆಳು ನೈಲಾನ್ ಕಾಲುಚೀಲದ ಮೇಲ್ಭಾಗ ಕತ್ತರಿಸಿ ಟೋಪಿ ಹಾಗೆ ಹಾಕಿ. ಒಂದು ರಾತ್ರಿ ಹಾಗೇ ಇರಲಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕೈ ಎಷ್ಟೇ ತುರಿಸಿದರೂ.

ಬೆಳಿಗ್ಗೆ ಟೋಪಿ ತೆಗೆದಾಗ ಅತ್ತೆ ಕಾಡಿಗೆ ಡಬ್ಬಿ ಹಿಡಿದುಕೊಂಡೇ ಬಂದಿದ್ದರು. ಕೂಸಿಗೆ ದೃಷ್ಟಿ ಬೊಟ್ಟು ಇಡಬೇಕಂತೆ. ಬೆರಳು ಗೊಂಬೆಯ ಗಲ್ಲದ ಹತ್ತಿರ ಹೋಗಿತ್ತು. ಕಾಡಿಗೆ, ಪೇಪರಿನ ಮಸಿ, ಹೊಸ ಕೆಂಪು ಬಟ್ಟೆ, ಯಾವುದು ತಗುಲಿದರೂ ವಿನೈಲ್ ಮೇಲೆ ಕಲೆ ಕೂತುಬಿಡುತ್ತದೆ. ಅವರ ಕೈ ಹಿಡಿದು, ಕುಲಾವಿಯ ಅಂಚಿಗೆ ಇಡಿಸಿದೆ.